ಹೊಸ ಹಾಳೆ, ಹಳೆಯ ವಿಳಾಸ

ಪ್ರೌಢಶಾಲೆಯಲ್ಲಿ ಓದುವ ಹುಡುಗಿಯೊಬ್ಬಳಿಗೆ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ ಎಂದುಕೊಳ್ಳಿ. 1961ರಿಂದ 2011ರವರೆಗಿನ ಆರು ಜನಗಣತಿಗಳಲ್ಲಿ ಕರ್ನಾಟಕದ ಜನಸಂಖ್ಯೆ ಹೇಗೆ ಬೆಳೆಯಿತು, ಪಕ್ಕದ ಕೇರಳದ ಜನಸಂಖ್ಯೆ ಹೇಗೆ ಬೆಳೆಯಿತು ಎಂಬುದನ್ನು ಕಂಪ್ಯೂಟರಿನಲ್ಲಿ ಚಾರ್ಟ್ ಬರೆದು ತರಬೇಕು. ಎರಡನ್ನೂ ಹೋಲಿಸಿ ಹತ್ತು ಸಾಲು ಟಿಪ್ಪಣಿಯನ್ನೂ ಬರೆಯಬೇಕು.

ಹುಡುಗಿ ಚುರುಕು. ಎಕ್ಸೆಲ್ ತೆರೆದು ಒಂದು ಹಾಳೆಗೆ 'ಕರ್ನಾಟಕ' ಎಂದು ಹೆಸರಿಟ್ಟಳು. ಎಡಗಡೆ ಇಸವಿ, ಬಲಗಡೆ ಜನಸಂಖ್ಯೆ ತುಂಬಿಸಿ ಚೆಂದದ ಗೆರೆ ಚಾರ್ಟ್ ಬರೆದಳು. ಬಣ್ಣ ಆರಿಸಿ, ಅಕ್ಷರದ ಗಾತ್ರ ಸರಿಪಡಿಸಿ, ಚುಕ್ಕಿಗಳನ್ನು ದಪ್ಪ ಮಾಡಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಕೇರಳಕ್ಕೂ ಇಷ್ಟೆಲ್ಲ ಮತ್ತೆ ಮಾಡುವುದೇಕೆ? ಇನ್ನೊಂದು ಹಾಳೆಗೆ 'ಕೇರಳ' ಎಂದು ಹೆಸರಿಟ್ಟು ಅಲ್ಲಿನ ಅಂಕಿಗಳನ್ನು ತುಂಬಿಸಿದಳು. ಮೊದಲಿನ ಚಾರ್ಟ್‌ನ ಮೇಲೆ ಕ್ಲಿಕ್ ಮಾಡಿ, ನಕಲು ತೆಗೆದು, ಹೊಸ ಹಾಳೆಯಲ್ಲಿ ಅಂಟಿಸಿದಳು. ಶೀರ್ಷಿಕೆ ಮಾತ್ರ ಇನ್ನೂ 'ಕರ್ನಾಟಕದ ಜನಸಂಖ್ಯೆ' ಎಂದೇ ಇತ್ತು. ಅದನ್ನು ಅಳಿಸಿ 'ಕೇರಳದ ಜನಸಂಖ್ಯೆ' ಎಂದು ಬರೆದಳು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಎರಡೂ ಪುಟ ಮುದ್ರಿಸಿ ಟಿಪ್ಪಣಿಯ ಮೊದಲ ಸಾಲು ಬರೆದಳು: 'ಎರಡೂ ರಾಜ್ಯಗಳ ಜನಸಂಖ್ಯೆ ಒಂದೇ ರೀತಿಯಲ್ಲಿ ಬೆಳೆದಿದೆ.'

ತಾಯಿ ಮನೆಯಲ್ಲೇ ರವಿಕೆ ಹೊಲಿಯುವವರು. ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಅಳತೆ ನೋಡುವುದು ಅವರ ಕೈಗೆ ಅಂಟಿದ ಅಭ್ಯಾಸ. ಎರಡೂ ಕಾಗದಗಳನ್ನು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದರು.

'ಏನೇ ಇದು? ಎರಡೂ ಒಂದೇ ಅಳತೆಗೆ ಕತ್ತರಿಸಿದ ಹಾಗಿದೆಯಲ್ಲ!'

'ಎರಡೂ ಕಡೆ ಜನ ಜಾಸ್ತಿ ಆಗಿದ್ದಾರಲ್ಲಮ್ಮ, ಅದಕ್ಕೇ ಹಾಗೆ.'

'ಜಾಸ್ತಿ ಆಗಲಿ. ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಆಗೋದಿಲ್ಲವೇನೇ?'

ಆಗ ಹುಡುಗಿ ಕೇರಳದ ಪುಟವನ್ನು ಮತ್ತೆ ನೋಡಿದಳು. ಪಟ್ಟಿಯಲ್ಲಿ 2011ರ ಎದುರು 334 ಲಕ್ಷ ಎಂದಿದೆ. ಅದರ ಪಕ್ಕದಲ್ಲೇ ಇರುವ ಚಾರ್ಟ್‌ನಲ್ಲಿ ಗೆರೆ 600 ಲಕ್ಷವನ್ನೂ ದಾಟಿ ನಿಂತಿದೆ. ಪಟ್ಟಿ ಕೇರಳದ್ದು, ಶೀರ್ಷಿಕೆ ಕೇರಳದ್ದು, ಗೆರೆ ಮಾತ್ರ ಕರ್ನಾಟಕದ್ದು!

ಇದು ಕಂಪ್ಯೂಟರಿನ ತಪ್ಪೇ? ಅಲ್ಲ. ಅದು ತನಗೆ ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ. ಏನು ಹೇಳಿದ್ದೇವೆ ಎಂಬುದು ಹೇಳಿದವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಚಾರ್ಟ್‌ಗೆ ಸ್ವಂತ ಅಂಕಿ ಇಲ್ಲ

ಚಾರ್ಟ್ ಎಂದರೆ ಅಂಕಿಗಳಿಂದ ಬರೆದ ಚಿತ್ರ ಎಂದು ಎಲ್ಲರೂ ತಿಳಿದಿರುತ್ತಾರೆ. ಸ್ಪ್ರೆಡ್‌ಶೀಟ್‌ನಲ್ಲಿ ಇದು ಅರ್ಧ ನಿಜ ಮಾತ್ರ. ಅಲ್ಲಿನ ಚಾರ್ಟ್ ತನ್ನೊಳಗೆ ಇಟ್ಟುಕೊಂಡಿರುವುದು ಮುಖ್ಯವಾಗಿ ಒಂದು ವಿಳಾಸವನ್ನು. 'ಇಂಥ ಹಾಳೆಯ, ಇಂಥ ಕಂಬಸಾಲಿನ, ಇಷ್ಟನೆಯ ಚೌಕದಿಂದ ಇಷ್ಟನೆಯ ಚೌಕದವರೆಗೆ ಹೋಗಿ ಅಂಕಿ ತೆಗೆದುಕೊಂಡು ಬಾ' ಎಂಬ ವಿಳಾಸ ಅದು. ಆ ವಿಳಾಸದಲ್ಲಿ ಅಂಕಿ ಬದಲಾದರೆ ಚಿತ್ರವೂ ಬದಲಾಗುತ್ತದೆ.

ಎಕ್ಸೆಲ್‌ನಲ್ಲಿ ಆ ಗೆರೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ, ಮೇಲುಗಡೆ ಸೂತ್ರ ಬರೆಯುವ ಪಟ್ಟಿಯಲ್ಲಿ ಸೀರೀಸ್ ಎಂಬ ಹೆಸರಿನ ಒಂದು ಸೂತ್ರ ಕಾಣುತ್ತದೆ. ಅದರ ಆವರಣದೊಳಗೆ ನಾಲ್ಕು ಭಾಗಗಳಿರುತ್ತವೆ. ಗೆರೆಯ ಹೆಸರು ಎಲ್ಲಿದೆ, ಅಡ್ಡ ಅಕ್ಷದ ಇಸವಿಗಳು ಎಲ್ಲಿವೆ, ಲಂಬ ಅಕ್ಷಕ್ಕೆ ಬೇಕಾದ ಅಂಕಿಗಳು ಎಲ್ಲಿವೆ, ಚಾರ್ಟ್‌ನಲ್ಲಿ ಇದು ಎಷ್ಟನೆಯ ಗೆರೆ ಎಂಬುವೇ ಆ ನಾಲ್ಕು. ಅಂಕಿಗಳ ವಿಳಾಸ ಹೀಗಿರುತ್ತದೆ: ಕರ್ನಾಟಕ!$ಬಿ$2:$ಬಿ$7. ಮೊದಲು ಹಾಳೆಯ ಹೆಸರು, ಆಮೇಲೆ ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ ಚೌಕಗಳ ಗುರುತು.

ಇಲ್ಲೇ ಇರುವುದು ಗುಟ್ಟು. ಪಟ್ಟಿಯೊಳಗೆ ಬರೆಯುವ ಸಾಮಾನ್ಯ ಸೂತ್ರಗಳಿಗೆ ಹಾಳೆಯ ಹೆಸರು ಬೇಕಿಲ್ಲ. 'ಮೂರನೆಯ ಚೌಕದಿಂದ ಎರಡನೆಯದನ್ನು ಕಳೆ' ಎಂದು ಬರೆದ ಸೂತ್ರವನ್ನು ಬೇರೆ ಹಾಳೆಗೆ ಒಯ್ದು ಅಂಟಿಸಿದರೆ, ಅದು ಆ ಹಾಳೆಯ ಚೌಕಗಳನ್ನೇ ಕಳೆಯುತ್ತದೆ. ವಿದ್ಯಾರ್ಥಿಗಳು ಮೊದಲು ಕಲಿಯುವುದು ಇದನ್ನೇ. ಚಾರ್ಟ್ ಕೂಡ ಹೀಗೇ ನಡೆದುಕೊಳ್ಳುತ್ತದೆ ಎಂದು ಭಾವಿಸುತ್ತಾರೆ. ಆದರೆ ಚಾರ್ಟ್‌ನ ವಿಳಾಸದಲ್ಲಿ ಹಾಳೆಯ ಹೆಸರು ಇದ್ದೇ ಇರುತ್ತದೆ, ಚೌಕಗಳನ್ನು ಬಿಗಿದು ಕಟ್ಟುವ ಡಾಲರ್ ಚಿಹ್ನೆಯೂ ಇದ್ದೇ ಇರುತ್ತದೆ.

ಹಾಸನದಿಂದ ಮೈಸೂರಿಗೆ ಮನೆ ಬದಲಾಯಿಸಿದ ಕುಟುಂಬವೊಂದರ ಪತ್ರಗಳನ್ನು ನೆನೆಯಿರಿ. ಸಾಮಾನು ಸರಂಜಾಮು ಎಲ್ಲ ಮೈಸೂರಿಗೆ ಬಂದಿದ್ದರೂ ಬ್ಯಾಂಕಿನಲ್ಲಿ ವಿಳಾಸ ಬದಲಾಯಿಸದಿದ್ದರೆ ಅಂಚೆಯವನು ಕಾಗದ ಹಾಕುವುದು ಹಾಸನದ ಹಳೆಯ ಮನೆಗೇ. ನಕಲು ಮಾಡಿದ ಚಾರ್ಟ್‌ನ ಕಥೆಯೂ ಇಷ್ಟೇ.

ಹಿಂದೆ ಈ ತೊಡಕು ಇರಲಿಲ್ಲ. 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ತನ್ನ ಅಟ್ಲಾಸ್ ಪ್ರಕಟಿಸಿದಾಗ ಇಂಗ್ಲೆಂಡ್ ಬೇರೆ ಬೇರೆ ದೇಶಗಳೊಡನೆ ನಡೆಸಿದ ವ್ಯಾಪಾರವನ್ನು ಗೆರೆಗಳಲ್ಲಿ ತೋರಿಸಿದ್ದ. ಒಂದು ದೇಶಕ್ಕೆ ಒಂದು ಚಿತ್ರ. ಪ್ರತಿಯೊಂದನ್ನೂ ತಾಮ್ರದ ತಗಡಿನ ಮೇಲೆ ಬೇರೆಯಾಗಿಯೇ ಕೆತ್ತಬೇಕಿತ್ತು. 1983ರಲ್ಲಿ ಬಂದ ಲೋಟಸ್ 1-2-3 ತಂತ್ರಾಂಶ ಅಂಕಿ ಮತ್ತು ಚಾರ್ಟ್ ಎರಡನ್ನೂ ಒಂದೇ ಕಡೆ ಕೊಟ್ಟಿತು. 1993ರ ಎಕ್ಸೆಲ್ 5, ಒಂದೇ ಕಡತದೊಳಗೆ ಪುಸ್ತಕದಂತೆ ಹಲವು ಹಾಳೆಗಳನ್ನು ಜೋಡಿಸುವ ಪದ್ಧತಿಯನ್ನು ತಂದಿತು. ಹಾಳೆ ಹಲವಾದ ಮೇಲೆ 'ಯಾವ ಹಾಳೆ?' ಎಂಬ ಪ್ರಶ್ನೆಯೂ ಹುಟ್ಟಿಕೊಂಡಿತು.

ಎರಡು ಬಗೆಯ ನಕಲು

ಎಕ್ಸೆಲ್‌ನಲ್ಲಿ ನಕಲು ಮಾಡುವುದಕ್ಕೆ ಎರಡು ದಾರಿಗಳಿವೆ. ಮೇಲ್ನೋಟಕ್ಕೆ ಎರಡೂ ಒಂದೇ, ಫಲ ಮಾತ್ರ ಬೇರೆ.

ಮೊದಲನೆಯದು ಆ ಹುಡುಗಿ ಹಿಡಿದ ದಾರಿ. ಚಾರ್ಟನ್ನು ಮಾತ್ರ ನಕಲು ಮಾಡಿ ಬೇರೆ ಹಾಳೆಯಲ್ಲಿ ಅಂಟಿಸುವುದು. ಇದರಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ. ಅಂಕಿಗಳ ಚೌಕಗಳನ್ನೂ ಚಾರ್ಟನ್ನೂ ಒಟ್ಟಿಗೆ ಆರಿಸಿ ಅಂಟಿಸಿದರೂ ಇದೇ ಗತಿ. ಬೇರೊಂದು ಕಡತಕ್ಕೆ ಅಂಟಿಸಿದರಂತೂ ಇನ್ನೂ ಕಷ್ಟ. ಚಾರ್ಟ್ ಹಳೆಯ ಕಡತದ ಹೆಸರನ್ನೇ ಹಿಡಿದುಕೊಂಡಿರುತ್ತದೆ. ಹೊಸ ಕಡತವನ್ನು ಮಾತ್ರ ಪೆನ್‌ಡ್ರೈವ್‌ನಲ್ಲಿ ಶಾಲೆಗೆ ಒಯ್ದು, ಅಲ್ಲಿ ಅಂಕಿ ತಿದ್ದಿದರೆ ಗೆರೆ ಅಲುಗುವುದೇ ಇಲ್ಲ.

ಎರಡನೆಯದು ಇಡೀ ಹಾಳೆಯನ್ನೇ ನಕಲು ಮಾಡುವುದು. ಅಂಕಿಗಳೂ ಚಾರ್ಟ್ ಕೂಡ ಒಂದೇ ಹಾಳೆಯಲ್ಲಿದ್ದರೆ ಈ ದಾರಿಯಲ್ಲಿ ತೊಂದರೆಯಿಲ್ಲ. ಹೊಸ ಹಾಳೆಗೆ ಬಂದ ಚಾರ್ಟ್ ಹೊಸ ಹಾಳೆಯ ಅಂಕಿಗಳನ್ನೇ ನೋಡುತ್ತದೆ. ಮಾಡುವ ಕ್ರಮ ಹೀಗೆ:

1. ಪರದೆಯ ಕೆಳಗಡೆ ಹಾಳೆಯ ಹೆಸರು ಇರುವ ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ. ಬರುವ ಸಾಲುಗಳಲ್ಲಿ 'ಮೂವ್ ಆರ್ ಕಾಪಿ' ಆರಿಸಿ.

2. ತೆರೆಯುವ ಪುಟ್ಟ ಕಿಟಕಿಯಲ್ಲಿ 'ಕ್ರಿಯೇಟ್ ಎ ಕಾಪಿ' ಎಂಬ ಚೌಕಕ್ಕೆ ಗುರುತು ಹಾಕಿ, ಓಕೆ ಒತ್ತಿ. ಈ ಗುರುತು ಮರೆತರೆ ನಕಲು ಆಗುವುದಿಲ್ಲ, ಇದ್ದ ಹಾಳೆಯೇ ಜಾಗ ಬದಲಿಸುತ್ತದೆ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಹಾಳೆಯ ಹೆಸರನ್ನು ಮೌಸಿನಿಂದ ಪಕ್ಕಕ್ಕೆ ಎಳೆದರೂ ಇದೇ ಕೆಲಸ ಆಗುತ್ತದೆ.

3. 'ಕರ್ನಾಟಕ (2)' ಎಂಬ ಹೊಸ ಹಾಳೆ ಹುಟ್ಟುತ್ತದೆ. ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ 'ಕೇರಳ' ಎಂದು ಬದಲಾಯಿಸಿ. ಚಾರ್ಟ್‌ನ ವಿಳಾಸದಲ್ಲಿರುವ ಹೆಸರೂ ತಾನಾಗಿಯೇ ಬದಲಾಗುತ್ತದೆ.

4. ಹೊಸ ಹಾಳೆಯಲ್ಲಿರುವ ಕರ್ನಾಟಕದ ಅಂಕಿಗಳನ್ನು ಆರಿಸಿ ಡಿಲೀಟ್ ಕೀಲಿ ಒತ್ತಿ. ಅಂಕಿಗಳನ್ನಷ್ಟೇ ಅಳಿಸಬೇಕು; ಸಾಲುಗಳನ್ನೋ ಕಂಬಸಾಲನ್ನೋ ಕಿತ್ತು ಹಾಕಬಾರದು. ಈಗ ಗೆರೆ ಮಾಯವಾಯಿತೇ? ಸಂತೋಷಪಡಿ. ಚಾರ್ಟ್ ತನ್ನ ಮನೆಯ ಅಂಕಿಗಳನ್ನೇ ನೋಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಗೆರೆ ಹಾಗೆಯೇ ಉಳಿದಿದ್ದರೆ ಅದು ಇನ್ನೆಲ್ಲಿಂದಲೋ ಅಂಕಿ ತರುತ್ತಿದೆ ಎಂದರ್ಥ.

5. ಕೇರಳದ ಅಂಕಿಗಳನ್ನು ತುಂಬಿಸಿ. ಗೆರೆ ಒಂದೊಂದೇ ಚುಕ್ಕಿಯಾಗಿ ಮೂಡುವುದನ್ನು ನೋಡುವುದೇ ಒಂದು ಸೊಗಸು.

ಒಂದು ಎಚ್ಚರಿಕೆ ಬೇಕು. ಕೆಲವರು ಚಾರ್ಟನ್ನು ಪ್ರತ್ಯೇಕ ಹಾಳೆಯಲ್ಲಿ ಇಟ್ಟಿರುತ್ತಾರೆ. ಅಂಥ ಚಾರ್ಟ್ ಹಾಳೆಯನ್ನು ಮಾತ್ರ ನಕಲು ಮಾಡಿದರೆ ಅದು ಹಳೆಯ ಅಂಕಿಗಳನ್ನೇ ನೋಡುತ್ತಿರುತ್ತದೆ. ಆಗ ಚಾರ್ಟ್‌ನ ಮೇಲೆ ಬಲಗುಂಡಿ ಒತ್ತಿ, 'ಮೂವ್ ಚಾರ್ಟ್' ಆರಿಸಿ, 'ಆಬ್ಜೆಕ್ಟ್ ಇನ್' ಎಂಬಲ್ಲಿ ಅಂಕಿಗಳಿರುವ ಹಾಳೆಯ ಹೆಸರು ಕೊಟ್ಟು ಅದನ್ನು ಮೊದಲು ಅಂಕಿಗಳ ಪಕ್ಕಕ್ಕೆ ತನ್ನಿ. ಆಮೇಲೆ ಇಡೀ ಹಾಳೆಯನ್ನು ನಕಲು ಮಾಡಿ.

ಈಗಾಗಲೇ ತಪ್ಪಾಗಿದ್ದರೆ

ಅಂಟಿಸಿ ಆಗಿದೆ, ಬಣ್ಣ ಬಳಿದು ಆಗಿದೆ, ನಾಳೆಯೇ ಪ್ರಾಜೆಕ್ಟ್ ಒಪ್ಪಿಸಬೇಕು. ಆಗೇನು ಮಾಡುವುದು? ಎಲ್ಲವನ್ನೂ ಅಳಿಸಬೇಕಾಗಿಲ್ಲ.

ತಪ್ಪಿದ ಚಾರ್ಟ್‌ನ ಗೆರೆಯ ಮೇಲೆ ಕ್ಲಿಕ್ ಮಾಡಿ. ಮೇಲಿನ ಪಟ್ಟಿಯಲ್ಲಿ ಸೀರೀಸ್ ಸೂತ್ರ ಕಾಣುತ್ತದೆ. ಅದರಲ್ಲಿ 'ಕರ್ನಾಟಕ' ಎಂದು ಇರುವ ಕಡೆಗಳಲ್ಲೆಲ್ಲ 'ಕೇರಳ' ಎಂದು ತಿದ್ದಿ ಎಂಟರ್ ಒತ್ತಿ. ಸಾಮಾನ್ಯವಾಗಿ ಮೂರು ಕಡೆ ತಿದ್ದಬೇಕಾಗುತ್ತದೆ: ಹೆಸರಿಗೆ ಒಮ್ಮೆ, ಇಸವಿಗೆ ಒಮ್ಮೆ, ಅಂಕಿಗೆ ಒಮ್ಮೆ. ಹಾಳೆಯ ಹೆಸರಿನ ಸುತ್ತ ಉದ್ಧರಣ ಚಿಹ್ನೆ ಇದ್ದರೆ ಅದನ್ನು ಹಾಗೆಯೇ ಬಿಡಿ. ಚಾರ್ಟ್‌ನಲ್ಲಿ ನಾಲ್ಕು ಗೆರೆಗಳಿದ್ದರೆ ನಾಲ್ಕಕ್ಕೂ ಪ್ರತ್ಯೇಕವಾಗಿ ಹೀಗೆ ಮಾಡಬೇಕು. ಒಂದನ್ನು ತಿದ್ದಿ ಮೂರನ್ನು ಮರೆತರೆ ಚಾರ್ಟ್ ಅರ್ಧ ಕೇರಳ, ಅರ್ಧ ಕರ್ನಾಟಕವಾಗಿ ಮೊದಲಿಗಿಂತ ಕೆಟ್ಟದಾಗುತ್ತದೆ.

ಸೂತ್ರ ತಿದ್ದಲು ಅಂಜಿಕೆಯಾದರೆ ಇನ್ನೊಂದು ದಾರಿ ಇದೆ. ಚಾರ್ಟ್‌ನ ಮೇಲೆ ಬಲಗುಂಡಿ ಒತ್ತಿ 'ಸೆಲೆಕ್ಟ್ ಡೇಟಾ' ಆರಿಸಿ. 'ಚಾರ್ಟ್ ಡೇಟಾ ರೇಂಜ್' ಎಂಬಲ್ಲಿ ಹಳೆಯ ವಿಳಾಸವನ್ನು ಅಳಿಸಿ, ಹೊಸ ಹಾಳೆಯ ಅಂಕಿಗಳನ್ನು ಮೌಸಿನಿಂದ ಎಳೆದು ಆರಿಸಿ, ಓಕೆ ಕೊಡಿ.

ಇನ್ನು ಶೀರ್ಷಿಕೆಯ ವಿಷಯ. ಒಂದೇ ಗೆರೆಯಿರುವ ಚಾರ್ಟ್‌ಗೆ ಎಕ್ಸೆಲ್ ತಾನಾಗಿ ಕೊಡುವ ಶೀರ್ಷಿಕೆ ಬರುವುದು ಅಂಕಿಗಳ ತಲೆಯ ಮೇಲಿರುವ ಹೆಸರಿನಿಂದ, ಅಂದರೆ ಅದೇ ವಿಳಾಸದಿಂದ. ಅಂಟಿಸಿದ ಚಾರ್ಟ್‌ನಲ್ಲಿ 'ಕರ್ನಾಟಕದ ಜನಸಂಖ್ಯೆ' ಎಂದು ಕಂಡಾಗ ಅದು ನಿಜವನ್ನೇ ಹೇಳುತ್ತಿತ್ತು. ಹುಡುಗಿ ಅದನ್ನು ಅಳಿಸಿ ಬೇರೆ ಬರೆದಾಗ ತಪ್ಪಿಗಿದ್ದ ಒಂದೇ ಒಂದು ಸಾಕ್ಷಿಯನ್ನೂ ಅಳಿಸಿದಳು. ಆದ್ದರಿಂದ ಶೀರ್ಷಿಕೆ ಸರಿಯಿಲ್ಲ ಎಂದು ಕಂಡರೆ ಮೊದಲು ಅದನ್ನು ತಿದ್ದಬೇಡಿ. ಅದು ಯಾಕೆ ಹಾಗಿದೆ ಎಂದು ನೋಡಿ.

ತಪ್ಪಿಹೋಗುತ್ತಿದ್ದ ಪಾಠ

'ಒಂದು ಗೆರೆ ಅತ್ತಿತ್ತ ಆದರೆ ಏನಾಯಿತು, ಎರಡೂ ಮೇಲಕ್ಕೇ ಹೋಗುತ್ತವಲ್ಲ' ಎಂದು ಕೆಲವರು ಕೇಳಬಹುದು. ಏನಾಯಿತು ಎಂಬುದನ್ನು ಅಂಕಿಗಳೇ ಹೇಳಲಿ.

ಕರ್ನಾಟಕದ ಜನಸಂಖ್ಯೆ, ಲಕ್ಷಗಳಲ್ಲಿ: 1961ರಲ್ಲಿ 236, 1971ರಲ್ಲಿ 293, 1981ರಲ್ಲಿ 371, 1991ರಲ್ಲಿ 450, 2001ರಲ್ಲಿ 529, 2011ರಲ್ಲಿ 611. ಕೇರಳದ್ದು ಅವೇ ವರ್ಷಗಳಲ್ಲಿ 169, 213, 255, 291, 318, 334.

ಈಗ ಹತ್ತು ಹತ್ತು ವರ್ಷಕ್ಕೆ ಸೇರಿದವರ ಲೆಕ್ಕ ಮಾಡಿ. ಕರ್ನಾಟಕಕ್ಕೆ ಸೇರಿದ್ದು 57, 78, 79, 79, 82 ಲಕ್ಷ. 1971ರ ನಂತರ ಗೆರೆ ಹೆಚ್ಚುಕಮ್ಮಿ ನೇರವಾಗಿ ಏರುತ್ತದೆ. ಕೇರಳಕ್ಕೆ ಸೇರಿದ್ದು 44, 42, 36, 27, 16 ಲಕ್ಷ. ಅಲ್ಲಿನ ಗೆರೆ ಏರುತ್ತಾ ಏರುತ್ತಾ ಬಾಗಿ, ಕೊನೆಗೆ ಬಹುಮಟ್ಟಿಗೆ ಮಲಗಿಕೊಳ್ಳುತ್ತದೆ. 2001ರಿಂದ 2011ರ ಹತ್ತು ವರ್ಷಗಳಲ್ಲಿ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಬೆಳೆದರೆ ಕೇರಳದ್ದು ಬೆಳೆದದ್ದು ಶೇ. 4.9ರಷ್ಟು ಮಾತ್ರ. ಕರ್ನಾಟಕದ ವೇಗವೂ ತಗ್ಗಿದೆ ಎನ್ನಿ. 1971ರಿಂದ 1981ರವರೆಗೆ ಅದು ಶೇ. 26ನ್ನೂ ಮೀರಿತ್ತು. ಆದರೆ ಕೇರಳ ಆ ದಾರಿಯಲ್ಲಿ ಬಹಳ ಮುಂದೆ ಹೋಗಿದೆ.

ಮೇಷ್ಟ್ರು ಮಕ್ಕಳು ನೋಡಲಿ ಎಂದು ಬಯಸಿದ್ದು ಆ ಬಾಗುವಿಕೆಯನ್ನೇ. ಅದು ಕಂಡರೆ ತಾನೇ 'ಯಾಕೆ?' ಎಂಬ ಪ್ರಶ್ನೆ ಏಳುವುದು? 2011ರ ಗಣತಿಯಲ್ಲಿ ಅಕ್ಷರ ಬಲ್ಲ ಹೆಂಗಸರ ಪ್ರಮಾಣ ಕೇರಳದಲ್ಲಿ ಶೇ. 92, ಕರ್ನಾಟಕದಲ್ಲಿ ಶೇ. 68. ಹೆಣ್ಣುಮಕ್ಕಳ ಓದು, ತಾಯಿ-ಮಗುವಿನ ಆರೋಗ್ಯ, ಕೆಲಸ ಹುಡುಕಿ ಹೊರಗೆ ಹೋಗುವವರ ಸಂಖ್ಯೆ, ಇವೆಲ್ಲ ಆ ಬಾಗಿದ ಗೆರೆಯ ಹಿಂದಿವೆ. ಹಳೆಯ ವಿಳಾಸ ಹೊತ್ತ ಚಾರ್ಟ್ ಈ ಪಾಠವನ್ನೇ ನುಂಗಿಹಾಕಿತ್ತು. ಅದೂ ಸುಂದರವಾದ ಬಣ್ಣಗಳಲ್ಲಿ, ಯಾರಿಗೂ ಅನುಮಾನ ಬಾರದಂತೆ!

44 ಮತ್ತು 49

ಚೌಕಗಳ ವ್ಯಾಪ್ತಿ ತಪ್ಪುವುದು ಮಕ್ಕಳ ಪ್ರಾಜೆಕ್ಟ್‌ಗಳಲ್ಲಿ ಮಾತ್ರವಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇ. 90ನ್ನು ಮೀರಿದ ದೇಶಗಳಲ್ಲಿ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಶೇ. 0.1ರಷ್ಟು ಇಳಿಮುಖವಾಗಿರುತ್ತದೆ ಎಂದು ಅದರಲ್ಲಿತ್ತು. ಸರ್ಕಾರಗಳು ಖರ್ಚಿಗೆ ಕತ್ತರಿ ಹಾಕಬೇಕು ಎಂದು ವಾದಿಸುತ್ತಿದ್ದವರು ಈ ಪ್ರಬಂಧವನ್ನು ಮುಂದಿಟ್ಟರು.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರದಲ್ಲಿ ಥಾಮಸ್ ಹೆರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕಾಗಿ ಇದೇ ಲೆಕ್ಕವನ್ನು ಮತ್ತೆ ಮಾಡಲು ಕೂತ. ಎಷ್ಟು ಮಾಡಿದರೂ ಉತ್ತರ ಕೂಡಿ ಬರಲಿಲ್ಲ. ಲೇಖಕರನ್ನೇ ಕೇಳಿ ಅವರ ಎಕ್ಸೆಲ್ ಕಡತವನ್ನು ತರಿಸಿಕೊಂಡ. ಸರಾಸರಿಯ ಸೂತ್ರ 49ನೇ ಸಾಲಿನವರೆಗೆ ಹೋಗಬೇಕಾಗಿದ್ದುದು 44ನೇ ಸಾಲಿಗೇ ನಿಂತಿತ್ತು! ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕದಿಂದ ಹೊರಗೆ ಉಳಿದಿದ್ದವು. 2013ರಲ್ಲಿ ಆತ ತನ್ನ ಇಬ್ಬರು ಅಧ್ಯಾಪಕರೊಡನೆ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಸರಾಸರಿ ಶೇ. 2.2ರ ಏರಿಕೆ. ವ್ಯತ್ಯಾಸವೆಲ್ಲ ಆ ಐದು ಸಾಲುಗಳಿಂದ ಬಂದದ್ದಲ್ಲ; ಯಾವ ವರ್ಷಗಳನ್ನು ಸೇರಿಸಬೇಕು, ಯಾವ ದೇಶಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಆಯ್ಕೆಗಳ ಪಾಲೇ ಅದರಲ್ಲಿ ದೊಡ್ಡದು. ಆದರೂ ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರು.

ಚಾರ್ಟ್‌ಗೂ ಇದೇ ಅಪಾಯವಿದೆ. ಬಿ ಕಂಬಸಾಲಿನ 2ರಿಂದ 7ರವರೆಗೆ ಎಂದು ವಿಳಾಸ ಕೊಟ್ಟ ಮೇಲೆ ಮುಂದಿನ ಜನಗಣತಿಯ ಅಂಕಿಯನ್ನು 8ನೇ ಸಾಲಿನಲ್ಲಿ ಬರೆದರೆ ಚಾರ್ಟ್ ಅದನ್ನು ನೋಡುವುದಿಲ್ಲ. ವಿಳಾಸವನ್ನು ಹಿಗ್ಗಿಸಬೇಕು. ಅಥವಾ ಮೊದಲೇ ಅಂಕಿಗಳನ್ನು ಆರಿಸಿ ಕಂಟ್ರೋಲ್ ಮತ್ತು ಟಿ ಒತ್ತಿ ಅದನ್ನು 'ಟೇಬಲ್' ಆಗಿ ಮಾಡಿಕೊಂಡಿದ್ದರೆ, ಹೊಸ ಸಾಲು ಸೇರಿದಂತೆ ಚಾರ್ಟ್ ತಾನೇ ಹಿಗ್ಗುತ್ತದೆ.

ಮನೆಯವರು ಕೇಳಬೇಕಾದ ಪ್ರಶ್ನೆ

ಮಕ್ಕಳ ಕಂಪ್ಯೂಟರ್ ಕೆಲಸ ನೋಡುವಾಗ 'ನಮಗೇನು ತಿಳಿಯುತ್ತದೆ' ಎಂದು ತಂದೆತಾಯಿ ಹಿಂದೆ ಸರಿಯುವುದುಂಟು. ಇಲ್ಲಿ ತಿಳಿಯಬೇಕಾದದ್ದು ಎರಡೇ ಎರಡು ಪರೀಕ್ಷೆ. ಎಕ್ಸೆಲ್ ಇರಲಿ, ಲಿಬ್ರೆಆಫೀಸ್ ಇರಲಿ, ಗೂಗಲ್ ಶೀಟ್ಸ್ ಇರಲಿ, ಎಲ್ಲದಕ್ಕೂ ಇವು ನಡೆಯುತ್ತವೆ.

ಮೊದಲನೆಯದು: 'ಈ ಪಟ್ಟಿಯಲ್ಲಿ ಒಂದು ಅಂಕಿ ಬದಲಾಯಿಸು, ಗೆರೆ ಅಲುಗುತ್ತದೆಯೇ ತೋರಿಸು' ಎಂದು ಕೇಳಿ. ಅಲುಗಿದರೆ ಚಾರ್ಟ್ ಈ ಹಾಳೆಯದೇ. ನೋಡಿದ ಮೇಲೆ ಕಂಟ್ರೋಲ್ ಮತ್ತು ಝಡ್ ಒತ್ತಿ ಅಂಕಿಯನ್ನು ಮೊದಲಿನಂತೆ ಮಾಡಿಸಲು ಮರೆಯಬೇಡಿ.

ಎರಡನೆಯದು, ಮುದ್ರಿಸಿದ ಕಾಗದಕ್ಕೆ: ಪಟ್ಟಿಯ ಕೊನೆಯ ಅಂಕಿಯ ಮೇಲೆ ಒಂದು ಬೆರಳು, ಗೆರೆಯ ಕೊನೆಯ ಚುಕ್ಕಿಯ ಮೇಲೆ ಇನ್ನೊಂದು ಬೆರಳು ಇಡಿ. ಎರಡೂ ಒಂದೇ ಮಾತು ಹೇಳಬೇಕು. 334 ಎಂದು ಒಂದು, 611 ಎಂದು ಇನ್ನೊಂದು ಹೇಳಿದರೆ ಆ ಕಾಗದ ಶಾಲೆಗೆ ಹೋಗುವಂತಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಪರದೆಯ ಮೇಲೆ ಪ್ರತ್ಯಕ್ಷ ಕಾಣುವ ಗೆರೆಗೂ ಆ ಮಾತು ಸಲ್ಲುತ್ತದೆ. ಆ ತಾಯಿಗೆ ಸೀರೀಸ್ ಸೂತ್ರ ಗೊತ್ತಿರಲಿಲ್ಲ. ಎರಡು ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಬೇಕು ಎಂಬುದು ಮಾತ್ರ ಗೊತ್ತಿತ್ತು. ಮಗಳು ಆ ರಾತ್ರಿ ಮೂರು ಕಡೆ ಹೆಸರು ತಿದ್ದಿ, ಕೇರಳದ ಪುಟವನ್ನು ಮತ್ತೆ ಮುದ್ರಿಸಿ, ಟಿಪ್ಪಣಿಯ ಮೊದಲ ಸಾಲನ್ನು ಹೊಡೆದು ಹಾಕಿದಳು. ಅದರ ಜಾಗದಲ್ಲಿ ಬರೆದ ಹೊಸ ಸಾಲು ಒಂದು ಪ್ರಶ್ನೆಯಾಗಿತ್ತು: 'ಕೇರಳದ ಗೆರೆ ಮಾತ್ರ ಯಾಕೆ ಬಾಗಿದೆ?'